ತಂಡದ ಗುರಿಗೆ ಯಾವ ಪದ್ಧತಿ? ತಾರಿಹಾಳದ ವರ್ಕ್‌ಶಾಪಿನಿಂದ ಬ್ಯಾಡಗಿ ಪೇಟೆಯವರೆಗೆ ಒಂದು ಹೋಲಿಕೆ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ವರ್ಕ್‌ಶಾಪು, ಕಚೇರಿಗಳಲ್ಲೆಲ್ಲ ಒಂದೇ ಪ್ರಶ್ನೆ: ಈ ವರ್ಷ ಟಾರ್ಗೆಟ್ ಹೆಂಗ ಹಾಕೋಣು? ಮ್ಯಾನೇಜರ್ ಕೆಪಿಐ (ಕೆಲಸ ಅಳೆಯುವ ಮುಖ್ಯ ಅಂಕಿ) ಅನ್ನುತ್ತಾರೆ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ ಬಂದ ಮಾಲಕರ ಮಗ ಓಕೆಆರ್ (ಒಂದು ಉದ್ದೇಶ, ಅದು ಈಡೇರಿತೆಂದು ತೋರಿಸುವ ಕೆಲವು ಅಂಕಿ) ಅನ್ನುತ್ತಾನೆ. ಆಡಿಟರು ಸ್ಕೋರ್‌ಕಾರ್ಡ್ ಅನ್ನುತ್ತಾರೆ. ಐಎಸ್‌ಒ ಸಲಹೆಗಾರರು ದಪ್ಪನೆಯ ಫೈಲೊಂದನ್ನು ಕೊಟ್ಟು ಹೋಗಿರುತ್ತಾರೆ. ಐಎಸ್‌ಒ 9001 ಎಂಬ ಅಂತರರಾಷ್ಟ್ರೀಯ ಮಾನದಂಡವು, ಗುಣಮಟ್ಟದ ಗುರಿಗಳು ಇರಬೇಕು, ಅವನ್ನು ಅಳೆಯುವಂತಿರಬೇಕು ಎನ್ನುತ್ತದೆ. ಯಾವ ಪದ್ಧತಿಯಲ್ಲಿ ಎಂದು ಹೇಳುವುದಿಲ್ಲ. ಆಯ್ಕೆ ನಿಮ್ಮದೇ.

ಇಲ್ಲಿ ನಾಲ್ಕು ಪದ್ಧತಿಗಳನ್ನು ಹೋಲಿಸಿದೆ: ಕೆಲಸದ ಜಾಗದಲ್ಲೇ ನಿಲ್ಲಿಸುವ ದಿನದ ಬೋರ್ಡು, ಪ್ರತಿಯೊಬ್ಬರಿಗೂ ವರ್ಷದ ಗುರಿಪಟ್ಟಿ, ಮೂರು ತಿಂಗಳ ಓಕೆಆರ್, ಸಂಸ್ಥೆಯ ಮಟ್ಟದ ಸ್ಕೋರ್‌ಕಾರ್ಡ್. "ಸ್ಮಾರ್ಟ್ ಗುರಿ" ಎಂಬುದನ್ನು ಐದನೆಯದಾಗಿ ಎಣಿಸಿಲ್ಲ. 1981ರಲ್ಲಿ ಜಾರ್ಜ್ ಡೋರನ್ ಕೊಟ್ಟ ಆ ಐದು ಅಕ್ಷರಗಳು (ನಿರ್ದಿಷ್ಟ, ಅಳೆಯಬಹುದಾದ, ಹೊಣೆ ಯಾರದೆಂದು ಗೊತ್ತಿರುವ, ಆಗಬಹುದಾದ, ಗಡುವಿರುವ) ಗುರಿಯ ವಾಕ್ಯ ಸರಿಯಾಗಿದೆಯೇ ಎಂದು ತಪಾಸಣೆ ಮಾಡಲು ಇರುವಂಥವು, ಯಾವ ಪದ್ಧತಿಯೊಳಗೂ ಬಳಸಬಹುದು. ಕೆಪಿಐ ಅನ್ನುವುದೂ ಪದ್ಧತಿಯಲ್ಲ. ಅದು ಅಂಕಿಗೆ ಇಟ್ಟ ಹೆಸರು, ನಾಲ್ಕರಲ್ಲೂ ಬರುತ್ತದೆ.

ಮೊದಲು ಒರೆಗಲ್ಲು

ಪದ್ಧತಿಯ ಹೆಸರು ಎತ್ತುವ ಮೊದಲು ಐದು ಸಂಗತಿ ನೋಡಿ.

ಒಂದು, ಕೆಲಸ ನಿನ್ನೆಯದೇ ಇವತ್ತೂ ಮರುಕಳಿಸುತ್ತದೆಯೋ ಅಥವಾ ಹೊಸದೋ. ಲೇತ್ ಮೇಲೆ ವಾಲ್ವ್ ಬಾಡಿ ಕೊರೆಯುವುದು, ಕೌಂಟರಿನಲ್ಲಿ ಠೇವಣಿ ಸ್ವೀಕರಿಸುವುದು, ಮೆಣಸಿನಕಾಯಿ ತೊಟ್ಟು ಬಿಡಿಸುವುದು ಮರುಕಳಿಸುವ ಕೆಲಸ. ಹೊಸ ವಾಲ್ವ್‌ನ ವಿನ್ಯಾಸ, ಹೊಸ ಆ್ಯಪ್, ಹೊಸ ಊರಿನಲ್ಲಿ ಶಾಖೆ ತೆರೆಯುವುದು ಹೊಸ ಕೆಲಸ. ಗುರಿಗಳ ಬಗ್ಗೆ ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಿಂದ, ಆಮೇಲೆ ಗ್ಯಾರಿ ಲ್ಯಾಥಮ್ ಜೊತೆ ಸೇರಿ ಮಾಡಿದ ಅಧ್ಯಯನಗಳ ಸಾರ ಇಷ್ಟು: "ಕೈಲಾದಷ್ಟು ಮಾಡಿ" ಅನ್ನುವುದಕ್ಕಿಂತ ಸ್ಪಷ್ಟವಾದ, ತುಸು ಕಷ್ಟದ ಗುರಿ ಹೆಚ್ಚು ಕೆಲಸ ಮಾಡಿಸುತ್ತದೆ. ಆದರೆ ಮಾಡುವವರು ಅದನ್ನು ಒಪ್ಪಿರಬೇಕು, ಕೆಲಸ ಬಲ್ಲವರಾಗಿರಬೇಕು, ಎಲ್ಲಿಗೆ ಬಂದಿದ್ದೇವೆ ಎಂಬುದು ಅವರಿಗೆ ಆಗಾಗ ತಿಳಿಯುತ್ತಿರಬೇಕು. ಕೆಲಸವೇ ಹೊಸದಾಗಿದ್ದರೆ ಅಂಕಿಯ ಒತ್ತಡ ಕಲಿಯುವುದನ್ನೇ ತಡೆಯುತ್ತದೆ. ಅಂಥ ಕಡೆ "ಇಂಥದ್ದನ್ನು ಪತ್ತೆ ಹಚ್ಚಿ" ಎಂಬ ಗುರಿಯೇ ವಾಸಿ.

ಎರಡು, ಆ ಅಂಕಿ ಯಾರ ಕೈಯಲ್ಲಿದೆ. ಹೆಚ್ಚಿನ ಟಾರ್ಗೆಟ್‌ಗಳು ಕೆಡುವುದು ಇಲ್ಲೇ, ಹಾಗಾಗಿ ಲೆಕ್ಕ ಬಿಡಿಸಿ ನೋಡೋಣ. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ 22 ಮಂದಿಯ ವಾಲ್ವ್ ಮಷಿನಿಂಗ್ ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ತಿಂಗಳಿಗೆ 1,200 ಬಾಡಿ ಹೊರಬೀಳುತ್ತವೆ, ಅದರಲ್ಲಿ 54 ರಿಜೆಕ್ಟ್, ಅಂದರೆ 4.5%. ಮಾಲಕರು "2%ಕ್ಕೆ ಇಳಿಸಿ" ಅಂತ ಹುಡುಗರಿಗೆ ಹೇಳುತ್ತಾರೆ. ಆದರೆ ಹೈಡ್ರೋ ಟೆಸ್ಟಿನಲ್ಲಿ, ಅಂದರೆ ಬಾಡಿಯೊಳಗೆ ನೀರು ತುಂಬಿ ಅದರ ದರ್ಜೆಗಿಂತ ಒಂದೂವರೆ ಪಟ್ಟು ಒತ್ತಡ ಕೊಟ್ಟಾಗ, ಒಸರಿ ಬಿದ್ದುಹೋದವು 32. ಆ ತೂತುಗಳು ಫೌಂಡ್ರಿಯಲ್ಲೇ ಎರಕದ ಒಳಗೆ ಕೂತಿದ್ದವು, ಲೇತ್ ಅವನ್ನು ಬಯಲಿಗೆ ತಂದಿತು ಅಷ್ಟೆ. ಮಷಿನಿಂಗ್ ತಪ್ಪಿನಿಂದ, ಅಳತೆ ತಪ್ಪಿಯೋ ಸೀಟ್ (ವಾಲ್ವ್ ಮುಚ್ಚಿಕೊಳ್ಳುವ ಮುಖ) ಕೆಟ್ಟೋ, ಹೋದವು 22. ಹುಡುಗರ ಕೈಯಲ್ಲಿರುವುದು ಈ 22 ಮಾತ್ರ. ಇಡೀ 54ನ್ನು ಅವರ ತಲೆಗೆ ಕಟ್ಟಿದರೆ, ಇವರು ಒಂದೂ ತಪ್ಪು ಮಾಡದ ತಿಂಗಳಲ್ಲೂ ಬೋರ್ಡು ಕೆಂಪಾಗಿಯೇ ಇರುತ್ತದೆ. ಎರಡು ತಿಂಗಳು ಹಾಗಾದರೆ ಬೋರ್ಡಿನತ್ತ ನೋಡುವುದನ್ನೇ ಬಿಡುತ್ತಾರೆ. ಮಷಿನಿಂಗ್ ತಂಡಕ್ಕೆ 22ರಿಂದ 12, ಖರೀದಿ ವಿಭಾಗಕ್ಕೆ 32ರಿಂದ 20 ಎಂದು ಒಡೆದು ಕೊಟ್ಟರೆ ಎರಡೂ ಕಡೆ ಮಾಡುವುದಕ್ಕೆ ಕೆಲಸ ಇರುತ್ತದೆ. ಇದಕ್ಕೆ ಖರ್ಚೂ ಇಲ್ಲ, ಇನ್‌ಸ್ಪೆಕ್ಷನ್ ರಿಜಿಸ್ಟರಿನಲ್ಲಿ "ಕಾರಣ" ಎಂಬ ಒಂದು ಕಾಲಂ ಹಾಕಿದರೆ ಸಾಕು.

ಮೂರು, ಸುದ್ದಿ ಎಷ್ಟು ಬೇಗ ತಿಳಿಯುತ್ತದೆ. ಇಳುವರಿ ಎಷ್ಟು ಎಂದು ಸುಗ್ಗಿಯಲ್ಲಿ ಗೊತ್ತಾಗುತ್ತದೆ, ಹದ ಹೇಗಿದೆ ಎಂದು ಬಿತ್ತುವ ದಿನವೇ ಗೊತ್ತಾಗುತ್ತದೆ. ಅಂಕಿಗಳೂ ಹಾಗೆ: ತಿಂಗಳ ವಹಿವಾಟು, ವರ್ಷದ ಲಾಭ, ಮಾರ್ಚ್‌ನ ವಸೂಲಿ ಫಲದ ಅಂಕಿಗಳು. ಈ ವಾರ ಕೊಟ್ಟ ಕೊಟೇಶನ್ ಎಷ್ಟು, ಕಂತು ತಪ್ಪಿದ ಏಳು ದಿನದೊಳಗೆ ಎಷ್ಟು ಸಾಲಗಾರರ ಮನೆಗೆ ಹೋಗಿ ಬಂದರು, ಇವು ಹದದ ಅಂಕಿಗಳು. ಒಂದು ಫಲದ ಅಂಕಿಗೆ ಕನಿಷ್ಠ ಒಂದು ಹದದ ಅಂಕಿ ಜೊತೆಗಿರಬೇಕು. ಇಲ್ಲದಿದ್ದರೆ ಗೊತ್ತಾಗುವ ಹೊತ್ತಿಗೆ ತಿಂಗಳೇ ಮುಗಿದಿರುತ್ತದೆ.

ನಾಲ್ಕು, ಅಳೆಯಲು ಎಷ್ಟು ತಾಸು ಹೋಗುತ್ತದೆ. ಐದು, ಅಂಕಿಗೆ ಹಣ ಕಟ್ಟಿದ್ದೀರೋ, ಕಟ್ಟಿದ್ದರೆ ಅದನ್ನು ತಿರುಚಲು ಎಷ್ಟು ಸುಲಭ. ಕೊನೆಯದಕ್ಕೆ ಮುಂದೆ ಬೇರೆಯಾಗಿಯೇ ಬರುತ್ತೇವೆ.

ದಿನದ ಬೋರ್ಡು

ಮರುಕಳಿಸುವ ಕೆಲಸಕ್ಕೆ, ಐದರಿಂದ ಐವತ್ತು ಮಂದಿಯವರೆಗೆ, ಇದನ್ನು ಮೀರಿಸುವುದು ಕಷ್ಟ. ಆರು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಬಿಳಿ ಬೋರ್ಡು ಒಂದು. ನಾಲ್ಕು ಸಾಲು: ಸುರಕ್ಷತೆ, ಗುಣಮಟ್ಟ, ಎಷ್ಟಾಯಿತು, ಹೊತ್ತಿಗಾಯಿತೇ. ಅಡ್ಡಕ್ಕೆ ತಿಂಗಳ 31 ದಿನ. ಗುರಿ ಮುಟ್ಟಿದ ದಿನಕ್ಕೆ ಹಸಿರು, ತಪ್ಪಿದ ದಿನಕ್ಕೆ ಕೆಂಪು. ಬಲಗಡೆ ಒಂದಡಿ ಜಾಗ ಖಾಲಿ ಬಿಟ್ಟು ಮೂರು ಕಾಲಂ ಎಳೆಯಿರಿ: ಏನು ತೊಂದರೆ, ಯಾರು ನೋಡುತ್ತಾರೆ, ಯಾವ ತಾರೀಖಿಗೆ.

ಬೋರ್ಡು ಕೆಲಸದ ಜಾಗದಲ್ಲಿರಬೇಕು, ಕ್ಯಾಬಿನ್ನಿನಲ್ಲಿ ಅಲ್ಲ. ತುಂಬುವವರು ಕೆಲಸಗಾರರು, ಸೂಪರ್‌ವೈಸರ್ ಅಲ್ಲ. ಬರಹ ಕನ್ನಡದಲ್ಲಿರಲಿ. ಬೇರೆ ರಾಜ್ಯದ ಹುಡುಗರಿದ್ದರೆ ಚಿತ್ರ, ಬಣ್ಣ ಸಾಕಾಗುತ್ತದೆ. ಪಾಳಿ ಶುರುವಾಗುವಾಗ ಹತ್ತು ನಿಮಿಷ ನಿಂತೇ ಮಾತು, ಕುರ್ಚಿ ಬಂತೆಂದರೆ ಹತ್ತು ನಿಮಿಷ ನಲವತ್ತಾಗುತ್ತದೆ. 22 ಮಂದಿಯನ್ನೂ ಒಟ್ಟಿಗೆ ನಿಲ್ಲಿಸಬೇಡಿ, ಏಳೆಂಟು ಜನರ ಗುಂಪು ಮಾಡಿ. ಮೂರು ದಿನದಲ್ಲಿ ಬಗೆಹರಿಯದ ತೊಂದರೆ ತಾನಾಗಿ ಮೇಲಿನವರ ಹೆಸರಿಗೆ ಹೋಗಬೇಕು. ಈ ಕೊನೆಯ ನಿಯಮ ಇಲ್ಲದ ಬೋರ್ಡು ತಿಂಗಳೊಪ್ಪತ್ತಿನಲ್ಲಿ ಗೋಡೆಯ ಅಲಂಕಾರವಾಗುತ್ತದೆ.

ಖರ್ಚು ನೋಡಿ. ಬೋರ್ಡಿನ ಬೆಲೆ ದೊಡ್ಡದಲ್ಲ, ಖರ್ಚಾಗುವುದು ಹೊತ್ತು. 22 ಜನ, ದಿನಕ್ಕೆ 10 ನಿಮಿಷ, ತಿಂಗಳಿಗೆ 25 ದಿನ ಎಂದರೆ 5,500 ನಿಮಿಷ, ಹತ್ತಿರ ಹತ್ತಿರ 92 ತಾಸು. ತಾಸಿಗೆ 120 ರೂಪಾಯಿ ಹಿಡಿದರೆ ತಿಂಗಳಿಗೆ 11,000 ರೂಪಾಯಿ. ರಿಜೆಕ್ಟ್ ಆಗುವ ಒಂದು ಬಾಡಿಯಿಂದ 1,500 ರೂಪಾಯಿ ನಷ್ಟವಾಗುತ್ತಿದ್ದರೆ ತಿಂಗಳಿಗೆ ಎಂಟು ಬಾಡಿ ಉಳಿದರೂ ಬೋರ್ಡಿನ ಖರ್ಚು ಹುಟ್ಟುತ್ತದೆ. ನಿಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಖರ್ಚು ಹುಟ್ಟದಿದ್ದರೆ ವಾರಕ್ಕೆ ಎರಡೇ ದಿನ ನಿಲ್ಲಿ.

ಬೋರ್ಡು ಕೆಡುವ ದಾರಿ ಒಂದೇ, ಮತ್ತು ಅದನ್ನು ಕೆಡಿಸುವವರು ಸಾಮಾನ್ಯವಾಗಿ ಮೇಲಿನವರು. ಕೆಂಪು ಕಂಡ ಕೂಡಲೇ "ಯಾರ್ ಮಾಡಿದ್ದಿದು?" ಅಂದರೆ ಮರುದಿನದಿಂದ ಕೆಂಪು ಬೀಳುವುದಿಲ್ಲ. "ಎಲ್ಲಿ ಸಿಕ್ಕೊಂತು? ಏನ್ ಬೇಕು?" ಅಂದರೆ ಬೀಳುತ್ತದೆ. ಇಡೀ ತಿಂಗಳು ಹಸಿರೇ ಇರುವ ಬೋರ್ಡನ್ನು ನಂಬಬೇಡಿ. ಒಂದೋ ಗುರಿ ಸಡಿಲ, ಇಲ್ಲವೇ ಹೆದರಿಕೆ. ಕರೆಂಟ್ ಹೋದ ನಿಮಿಷಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಇಲ್ಲದಿದ್ದರೆ ತಪ್ಪಿದ್ದಕ್ಕೆಲ್ಲ ಅದೇ ನೆಪವಾಗುತ್ತದೆ.

ಬೋರ್ಡಿಗೆ ಆಗದ ಕೆಲಸವೂ ಇದೆ. ಆರು ತಿಂಗಳ ವಿನ್ಯಾಸದ ಕೆಲಸವನ್ನು ದಿನಕ್ಕೊಂದು ಚೌಕದಲ್ಲಿ ಹಿಡಿಯಲು ಆಗುವುದಿಲ್ಲ.

ವರ್ಷದ ಗುರಿಪಟ್ಟಿ

1954ರಲ್ಲಿ ನಿರ್ವಹಣಾ ಚಿಂತಕ ಪೀಟರ್ ಡ್ರಕರ್ ಮುಂದಿಟ್ಟ ವಿಚಾರ: ಮೇಲಿನವರೂ ಕೆಳಗಿನವರೂ ಕೂತು ಗುರಿ ಒಪ್ಪಿಕೊಳ್ಳುವುದು, ಆಮೇಲೆ ಅದರ ಮೇಲೆಯೇ ಕೆಲಸ ಅಳೆಯುವುದು. ನಮ್ಮ ಕಡೆಯ ಕಚೇರಿಗಳಲ್ಲಿ ಇದರ ರೂಪ ಒಂದು ಹಾಳೆ. ತಲೆಗೆ ನಾಲ್ಕರಿಂದ ಆರು ಗುರಿ, ಪ್ರತಿಯೊಂದಕ್ಕೂ ತೂಕ, ಒಟ್ಟು 100. ಏಪ್ರಿಲ್‌ನಲ್ಲಿ ಸಹಿ, ಮಾರ್ಚ್‌ನಲ್ಲಿ ಅಂಕ. ಪಗಾರ ಏರಿಸಲು ಏನಾದರೂ ಕಾಗದ ಬೇಕಲ್ಲ, ಅದಕ್ಕೆ ಇದು ಅನುಕೂಲ. ಒಬ್ಬರೇ ಪೂರ್ತಿ ಹೊಣೆ ಹೊರುವ ಕೆಲಸಕ್ಕೂ ಹೊಂದುತ್ತದೆ: ಹಾವೇರಿ, ರಾಣೆಬೆನ್ನೂರು ಸುತ್ತಿ ಬೀಜ ಮಾರುವ ಪ್ರತಿನಿಧಿ, ಜಿಎಸ್‌ಟಿ ರಿಟರ್ನ್ ತುಂಬುವ ಅಕೌಂಟೆಂಟ್.

ತಂಡಕ್ಕೆ ಮಾತ್ರ ಇದು ಹಗುರವಾದ ವಿಷ. ಮಾರಾಟದವನ ಹಾಳೆಯಲ್ಲಿ "ಆರ್ಡರ್ 2 ಕೋಟಿ" ಎಂದಿದೆ, ಉತ್ಪಾದನೆಯವನ ಹಾಳೆಯಲ್ಲಿ "ಓವರ್‌ಟೈಮ್ ಕಡಿಮೆ ಮಾಡಿ" ಎಂದಿದೆ. ಮೊದಲನೆಯವನು ಮೂರು ವಾರದಲ್ಲಿ ಕೊಡುತ್ತೇವೆಂದು ಆರ್ಡರ್ ತರುತ್ತಾನೆ, ಎರಡನೆಯವನು ಐದು ವಾರ ಮಾಡುತ್ತಾನೆ. ಇಬ್ಬರಿಗೂ ಮಾರ್ಚ್‌ನಲ್ಲಿ ಒಳ್ಳೆಯ ಅಂಕ ಬರುತ್ತದೆ, ಗಿರಾಕಿ ಮಾತ್ರ ಬೇರೆ ಕಡೆ ಹೋಗಿರುತ್ತಾನೆ. ಗುಣಮಟ್ಟದ ಕ್ಷೇತ್ರದಲ್ಲಿ ದೊಡ್ಡ ಹೆಸರಾದ ಎಡ್ವರ್ಡ್ಸ್ ಡೆಮಿಂಗ್ ಈ ಪದ್ಧತಿಯನ್ನೇ ಕೈಬಿಡಿ ಎಂದು ತಮ್ಮ 14 ಅಂಶಗಳಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ಅಷ್ಟು ದೂರ ಹೋಗಬೇಕಿಲ್ಲ. ಇದನ್ನೇ ಇಟ್ಟುಕೊಳ್ಳುವುದಾದರೆ ಎರಡು ತಿದ್ದುಪಡಿ ಮಾಡಿ: 100ರಲ್ಲಿ ಕನಿಷ್ಠ 40 ತೂಕ ಇಡೀ ತಂಡದ ಒಂದೇ ಗುರಿಗೆ ಕೊಡಿ, ಮತ್ತು ಅಕ್ಟೋಬರ್‌ನಲ್ಲಿ ಒಂದು ಸಲ ಹಾಳೆ ತೆರೆದು ಸತ್ತ ಗುರಿಗಳನ್ನು ಹೊಡೆದು ಹಾಕಿ.

ಓಕೆಆರ್

ಆ್ಯಂಡಿ ಗ್ರೋವ್ 1970ರ ದಶಕದಲ್ಲಿ ಚಿಪ್ ತಯಾರಿಸುವ ಇಂಟೆಲ್‌ನಲ್ಲಿ ಬೆಳೆಸಿದ್ದು. ಅಲ್ಲಿ ಕಲಿತ ಜಾನ್ ಡೋರ್ 1999ರಲ್ಲಿ ಗೂಗಲ್‌ಗೆ ಒಯ್ದ ಮೇಲೆ ಎಲ್ಲೆಡೆ ಹರಡಿತು. ಒಂದು ಉದ್ದೇಶ, ಅದು ಈಡೇರಿತೆಂದು ತೋರಿಸುವ ಮೂರ್ನಾಲ್ಕು ಅಂಕಿ, ಮೂರು ತಿಂಗಳ ಅವಧಿ, ವಾರಕ್ಕೊಮ್ಮೆ ಅರ್ಧ ತಾಸಿನ ನೋಟ. ಕೊನೆಯಲ್ಲಿ 0ರಿಂದ 1ರವರೆಗೆ ಅಂಕ. ಬೆವರಿಳಿಸುವ ಗುರಿಗೆ 0.6, 0.7 ಬಂದರೆ ಒಳ್ಳೆಯದೆಂದೇ ಲೆಕ್ಕ. ಪ್ರತಿ ಸಲ 1 ಬರುತ್ತಿದ್ದರೆ ಗುರಿಯನ್ನು ಕೈಗೆಟುಕುವಲ್ಲೇ ಇಟ್ಟಿದ್ದೀರಿ ಎಂದು ಅರ್ಥ.

ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ಎಂಟು ಜನರ ತಂಡ ಇದೆ ಎನ್ನೋಣ. ಕೆಟ್ಟ ಓಕೆಆರ್ ಹೀಗಿರುತ್ತದೆ: "ಹೊಸ ವರ್ಷನ್ ಬಿಡುವುದು, 500 ಅಂಗಡಿಗಳಿಗೆ ಡೆಮೊ ಕೊಡುವುದು." ಇದು ಕೆಲಸದ ಪಟ್ಟಿ. ಎಲ್ಲ ಮಾಡಿದರೂ ಅಂಗಡಿಯವರು ಮತ್ತೆ ಕಾಗದದ ಚೀಟಿಗೇ ಮರಳಬಹುದು. ಒಳ್ಳೆಯದು ಹೀಗಿರುತ್ತದೆ: "ಒಮ್ಮೆ ಹಾಕಿಕೊಂಡ ಅಂಗಡಿ ನಮ್ಮನ್ನು ಬಿಡಬಾರದು. ಹಾಕಿಕೊಂಡ ನಾಲ್ಕನೇ ವಾರದಲ್ಲೂ ಬಳಸುತ್ತಿರುವ ಅಂಗಡಿಗಳು 18%ರಿಂದ 35%ಕ್ಕೆ. ಮೊದಲ ಬಿಲ್ ಹಾಕಲು ಹಿಡಿಯುವ ಹೊತ್ತು 25 ನಿಮಿಷದಿಂದ 8ಕ್ಕೆ. ಸಹಾಯ ಕೇಳಿ ಬರುವ ಕರೆ 100 ಅಂಗಡಿಗೆ ವಾರಕ್ಕೆ 40ರಿಂದ 15ಕ್ಕೆ." ಇದರಲ್ಲೂ ಒಂದು ಬಿರುಕಿದೆ, "ಬಳಸುತ್ತಿರುವ" ಎಂದರೇನು? ವಾರದಲ್ಲಿ ನಾಲ್ಕು ದಿನವಾದರೂ, ದಿನಕ್ಕೆ ಐದು ಬಿಲ್ಲಾದರೂ ಹಾಕಿದ ಅಂಗಡಿ ಎಂದು ಮೊದಲ ದಿನವೇ ಬರೆದಿಡಿ. ವ್ಯಾಖ್ಯೆ ಬರೆಯದಿದ್ದರೆ ಕೊನೆಯ ವಾರದಲ್ಲಿ ಅದು ತಾನಾಗಿ ಸಡಿಲಾಗುತ್ತದೆ.

ಹೊತ್ತಿನ ಲೆಕ್ಕ: ಗುರಿ ಬರೆಯಲು ಎರಡು ಅರ್ಧ ದಿನ, ಎಂಟು ಜನಕ್ಕೆ 64 ತಾಸು. 13 ವಾರ ಅರ್ಧರ್ಧ ತಾಸಿನಂತೆ 52. ಒಟ್ಟು 116 ತಾಸು, ತಿಂಗಳಿಗೆ 39ರ ಹತ್ತಿರ. ತಾಸಿಗೆ 300 ರೂಪಾಯಿಯ ಎಂಜಿನಿಯರುಗಳಾದರೆ ತಿಂಗಳಿಗೆ ಸುಮಾರು 11,600. ಎಂಟು ಜನರ ಓಕೆಆರ್, 22 ಜನರ ಬೋರ್ಡಿಗಿಂತ ಅಗ್ಗವೇನಲ್ಲ. ಅದೂ ಮೊದಲ ಎರಡು ಸುತ್ತು ಗುರಿ ತಪ್ಪಾಗಿಯೇ ಬರೆಯುತ್ತಾರೆ, ಆ ಆರು ತಿಂಗಳನ್ನು ಕಲಿಕೆಯ ಖಾತೆಗೆ ಬರೆದುಕೊಳ್ಳಬೇಕು. ತಿಂಗಳಿಗೆ ತಲೆಗಿಷ್ಟು ಎಂದು ಬಾಡಿಗೆ ಕೇಳುವ ಸಾಫ್ಟ್‌ವೇರನ್ನು ಆಗಲೇ ಕೊಳ್ಳಬೇಡಿ. ಎರಡು ಸುತ್ತಿಗೆ ಹಂಚಿಕೊಂಡ ಒಂದು ಶೀಟು ಸಾಕು.

ಲೇತ್ ವಿಭಾಗಕ್ಕೆ ಓಕೆಆರ್ ಹಾಕುವುದು ಬೇಡ. ಅಲ್ಲಿ 0.7 ಎಂದರೆ ಹತ್ತರಲ್ಲಿ ಮೂರು ವಾಲ್ವ್ ಸೋರಿದ ಹಾಗೆ.

ಸ್ಕೋರ್‌ಕಾರ್ಡ್

ರಾಬರ್ಟ್ ಕಪ್ಲಾನ್, ಡೇವಿಡ್ ನಾರ್ಟನ್ 1992ರಲ್ಲಿ ಕೊಟ್ಟದ್ದು. ಹಣವೊಂದನ್ನೇ ನೋಡಿದರೆ ಸಂಸ್ಥೆ ಎತ್ತ ಸಾಗಿದೆ ತಿಳಿಯದು, ಅದಕ್ಕೆ ನಾಲ್ಕು ಕಡೆಯಿಂದ ನೋಡಿ ಎನ್ನುತ್ತದೆ: ಹಣಕಾಸು, ಗಿರಾಕಿ, ಒಳಗಿನ ಕೆಲಸ, ಜನರ ಕಲಿಕೆ. ನೂರು ಜನಕ್ಕಿಂತ ದೊಡ್ಡ ಸಂಸ್ಥೆ, ಹಲವು ಶಾಖೆ, ಆಡಳಿತ ಮಂಡಳಿಗೆ ಉತ್ತರ ಹೇಳಬೇಕಾದ ಕಡೆ ಇದು ಒಗ್ಗುತ್ತದೆ. ಸಹಕಾರಿ ಪತ್ತಿನ ಸಂಘಗಳಿಗೆ ಹೇಳಿ ಮಾಡಿಸಿದಂತಿದೆ ಎಂದೇ ಅನ್ನಬಹುದು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದಾಗಿನಿಂದ ಈ ಸೀಮೆಯ ಸಂಘಗಳು ಲಾಭದ ಜೊತೆಗೆ ಸದಸ್ಯರ ಹಿತಕ್ಕೂ ಉತ್ತರ ಹೇಳುತ್ತ ಬಂದಿವೆ. ಆ ಎರಡೂ ಒಂದೇ ಹಾಳೆಯಲ್ಲಿ ಕಾಣುವುದು ಇದರಲ್ಲಿ ಮಾತ್ರ.

ಹತ್ತು ಅಂಕಿಗಳಿಗಿಂತ ಹೆಚ್ಚು ಇಡಬೇಡಿ. ಎಲ್ಲ ವಿಭಾಗದವರೂ ಒಂದೇ ತಾರೀಖಿಗೆ, ಉದಾಹರಣೆಗೆ ಪ್ರತಿ ತಿಂಗಳ 5ಕ್ಕೆ, ಅಂಕಿ ಕೊಡಬೇಕು. ಒಬ್ಬರು 3ಕ್ಕೆ, ಒಬ್ಬರು 18ಕ್ಕೆ ಕೊಟ್ಟರೆ ಹೋಲಿಕೆಯೇ ಸುಳ್ಳು. ಎಲ್ಲದಕ್ಕಿಂತ ಮುಖ್ಯವಾಗಿ, ಎಲ್ಲ ಕೂಡಿಸಿ "ಒಟ್ಟು 82 ಅಂಕ" ಎಂದು ಬರೆಯುವ ಚಾಳಿ ಬಿಡಿ. ಠೇವಣಿ 100, ತರಬೇತಿ 100, ಕಟಬಾಕಿ 46 ಎಂದರೂ ಸರಾಸರಿ 82 ಬರುತ್ತದೆ. ಮುಳುಗಿಸುವುದು ಆ 46.

ಹಣ ಕಟ್ಟಿದಾಗ

ಹೊಸ ಕೆಲಸದ ಗುರಿಗೆ ಹಣ ಕಟ್ಟಬೇಡಿ, ಕಟ್ಟಿದರೆ ಜನ ಸಣ್ಣ ಗುರಿ ಬರೆಯುತ್ತಾರೆ. ಮರುಕಳಿಸುವ ಕೆಲಸಕ್ಕೆ ಕಟ್ಟಬಹುದು, ಆದರೆ ಒಂಟಿ ಅಂಕಿಗೆ ಕಟ್ಟಬಾರದು. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಖಾತೆಗಳ ಸಂಖ್ಯೆಯ ಟಾರ್ಗೆಟ್ ಮುಟ್ಟಲು ಸಿಬ್ಬಂದಿ ಗಿರಾಕಿಗಳಿಗೆ ತಿಳಿಸದೆಯೇ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ನಮ್ಮ ಮಟ್ಟದಲ್ಲಿ ಇದೇ ರೋಗ ಸಣ್ಣ ರೂಪದಲ್ಲಿರುತ್ತದೆ. ಮದ್ದು ಜೋಡಿ ಅಳತೆ: ಪ್ರತಿ ಅಂಕಿಯ ಜೊತೆ, ಅದನ್ನು ತಿರುಚಿದರೆ ಕೆಡುವ ಇನ್ನೊಂದು ಅಂಕಿ.

ಪತ್ತಿನ ಸಂಘದ ಸಾಲ ವಸೂಲಿ ತೆಗೆದುಕೊಳ್ಳಿ. ಮಾರ್ಚ್‌ನಲ್ಲಿ ಬರಬೇಕಾದದ್ದು 80 ಲಕ್ಷ, ಬಂದದ್ದು 74 ಲಕ್ಷ, 92.5%. ಶಾಖೆಯವರಿಗೆ ಶಾಲು, ಹಾರ. ಈಗ ಜೋಡಿ ಅಂಕಿ ಕೇಳಿ: ಮಾರ್ಚ್‌ನಲ್ಲಿ ತೀರಿದ ಖಾತೆಗಳಲ್ಲಿ 30 ದಿನದೊಳಗೆ ಅದೇ ಸಾಲಗಾರನಿಗೆ ಹೊಸ ಸಾಲ ಸಿಕ್ಕಿದ್ದು ಎಷ್ಟು? 19 ಲಕ್ಷ ಎಂದಾದರೆ, ಕೇವಲ ಪುಸ್ತಕದ ಹೊಂದಾಣಿಕೆಯಿಂದ ಬಂದದ್ದು ಅಷ್ಟಿರಬಹುದು. ಅದನ್ನು ಕಳೆದರೆ ಉಳಿಯುವುದು 55 ಲಕ್ಷ, 69%ರ ಸಮೀಪ. ಎಲ್ಲವೂ ಮೋಸವಲ್ಲ, ಬೆಳೆಸಾಲದಲ್ಲಿ ಕಟ್ಟಿ ಮತ್ತೆ ಪಡೆಯುವುದು ಸಹಜ. ಆದರೆ ಎರಡೂ ಅಂಕಿ ಪಕ್ಕಪಕ್ಕದಲ್ಲಿ ಕಂಡಾಗ ಮಂಡಳಿಯ ಸಭೆಯಲ್ಲಿ ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ.

ಹೊತ್ತಿಗೆ ಮಾಲು ಕಳಿಸುವುದರಲ್ಲೂ ಹಾಗೆಯೇ. 40 ಆರ್ಡರಿನಲ್ಲಿ 34 ಹೊತ್ತಿಗೆ ಹೋದವು, 85% ಎನ್ನುತ್ತಾರೆ. ಅದು ಎರಡೆರಡು ಸಲ ಮುಂದೂಡಿಸಿಕೊಂಡ ತಾರೀಖಿನ ಲೆಕ್ಕ. ಗಿರಾಕಿಗೆ ಮೊದಲು ಕೊಟ್ಟ ಮಾತಿನ ತಾರೀಖು ಹಿಡಿದರೆ 23 ಇರಬಹುದು, 57.5%. ರಿಜಿಸ್ಟರಿನಲ್ಲಿ ಮೊದಲ ತಾರೀಖನ್ನು ಅಳಿಸಲು ಬರದಂತೆ ಬೇರೆ ಕಾಲಂ ಇಡಿ.

ಶೇಕಡಾವಾರು ಕೂಡ ಮೋಸ ಮಾಡುತ್ತದೆ, ಯಾರೂ ಮೋಸ ಮಾಡದಿದ್ದರೂ. ಮುದ್ರಣ ಕಾಶಿ ಎನಿಸಿದ ಗದಗದ ಒಂದು ಪ್ರೆಸ್ಸಿನಲ್ಲಿ ಪ್ರತಿ ಜಾಬಿಗೆ ಮಷಿನ್ ಹೊಂದಿಸಲು 100 ಹಾಳೆ ಹೋಗುತ್ತವೆ ಎಂದುಕೊಳ್ಳಿ. 500 ಪ್ರತಿಯ ಮದುವೆ ಪತ್ರಿಕೆಗೆ ಅದು 20% ವೇಸ್ಟು, 10,000 ಪ್ರತಿಯ ಪಂಚಾಂಗಕ್ಕೆ 1%. ಮದುವೆ ಸೀಸನ್ನಿನಲ್ಲಿ ತಂಡ ಕೆಟ್ಟಂತೆಯೂ ಯುಗಾದಿಯ ಮುಂಚೆ ಸುಧಾರಿಸಿದಂತೆಯೂ ಕಾಣುತ್ತದೆ, ಆಗಿರುವುದು ಏನೂ ಇಲ್ಲ. ಅಳೆಯಬೇಕಾದದ್ದು ಪ್ರತಿ ಹೊಂದಿಕೆಗೆ ಎಷ್ಟು ಹಾಳೆ ಎಂಬುದನ್ನು.

ಒಂದು ಎಚ್ಚರ: ಕಾನೂನಿನ ಪ್ರಕಾರ ಬರಬೇಕಾದ ಬೋನಸ್ ಕನಿಷ್ಠ 8.33%, ಗರಿಷ್ಠ 20%. ಟಾರ್ಗೆಟ್ ತಪ್ಪಿತೆಂದು ಆ ಕನಿಷ್ಠಕ್ಕೆ ಕೈ ಹಾಕುವಂತಿಲ್ಲ. ಗುರಿಯ ಇನ್ಸೆಂಟಿವನ್ನು ಅದರಿಂದ ಬೇರೆ ಹೆಸರಲ್ಲಿ, ಬೇರೆ ಹೊತ್ತಿನಲ್ಲಿ ಕೊಡಿ. ದೀಪಾವಳಿಯ ಜೊತೆ ಬೆರೆಸಿದರೆ ಯಾವುದು ಹಕ್ಕು, ಯಾವುದು ಗಳಿಕೆ ಎಂಬುದು ಯಾರಿಗೂ ತಿಳಿಯುವುದಿಲ್ಲ.

ಏರಿಳಿತಕ್ಕೆ ಬೆಚ್ಚಬೇಡಿ

ಯಾವ ಪದ್ಧತಿ ಆರಿಸಿದರೂ ಗುರಿ ಹಾಕುವ ಮೊದಲು 12 ವಾರದ ಹಳೆಯ ಅಂಕಿ ಬೇಕು. ಮೇಲಿನ ವರ್ಕ್‌ಶಾಪಿನ ಮಷಿನಿಂಗ್ ರಿಜೆಕ್ಟ್ ವಾರವಾರ ಹೀಗಿತ್ತು ಎನ್ನಿ: 6, 4, 7, 5, 3, 6, 5, 8, 4, 6, 5, 7. ಸರಾಸರಿ 5.5. ಒಂದು ವಾರಕ್ಕೂ ಮುಂದಿನ ವಾರಕ್ಕೂ ಇರುವ ಅಂತರಗಳನ್ನು ಕೂಡಿದರೆ 25, ಹನ್ನೊಂದರಿಂದ ಭಾಗಿಸಿದರೆ 2.27. ಅದನ್ನು 2.66ರಿಂದ (ಇಂಥ ಗಡಿ ಹಾಕಲು ಬಳಸುವ ಸ್ಥಿರಾಂಕ) ಗುಣಿಸಿ, ಸುಮಾರು 6 ಬರುತ್ತದೆ. ಸರಾಸರಿಗೆ ಕೂಡಿಸಿದರೆ ಮೇಲಿನ ಗಡಿ 11.5, ಕಳೆದರೆ ಸೊನ್ನೆಗಿಂತ ಕೆಳಗೆ. ಅಂದರೆ ಏನೂ ಬದಲಾಗದೆಯೇ ಒಂದು ವಾರ 10 ಬರಬಹುದು, ಇನ್ನೊಂದು ವಾರ 1. ಹತ್ತು ಬಂದ ವಾರ ಬೈದು, ಮುಂದಿನ ವಾರ ಐದಕ್ಕೆ ಇಳಿದಾಗ "ಬೈದರೇ ಕೆಲಸ" ಎಂದುಕೊಳ್ಳುವ ಸೂಪರ್‌ವೈಸರುಗಳಿಗೆ ಕೊರತೆಯಿಲ್ಲ. ಗಡಿ ದಾಟಿದರೆ, ಅಥವಾ ಸತತ ಎಂಟು ವಾರ ಸರಾಸರಿಯ ಒಂದೇ ಬದಿಗೆ ಇದ್ದರೆ, ಆಗ ಏನೋ ನಿಜವಾಗಿ ಬದಲಾಗಿದೆ. ಕಾರಣ ಹುಡುಕಲು ಅದೇ ಸರಿಯಾದ ಹೊತ್ತು.

ತಿಂಗಳಿಗೆ 22ರಿಂದ 12 ಎಂದರೆ ವಾರಕ್ಕೆ 5.5ರಿಂದ 3. ಜಿಗ್ (ಬಾಡಿಯನ್ನು ಹಿಡಿದು ನಿಲ್ಲಿಸುವ ಸಾಧನ) ಬದಲಿಸದೆ, ಗೇಜುಗಳನ್ನು ತಪಾಸಣೆ ಮಾಡಿಸದೆ, ಟೂಲ್ ಬದಲಿಸುವ ಹೊತ್ತು ಗೊತ್ತುಮಾಡದೆ ಅದು ಬರುವುದಿಲ್ಲ. ಗುರಿಯ ಪಕ್ಕದಲ್ಲೇ "ಏನು ಬದಲಿಸುತ್ತೇವೆ" ಎಂಬ ಸಾಲು ಇಲ್ಲದಿದ್ದರೆ ಅದನ್ನು ಹರಕೆ ಎನ್ನಬಹುದು, ಗುರಿ ಎನ್ನಲಾಗದು. ವಾಕ್ಯ ಹೀಗಿರಲಿ: "ಮಷಿನಿಂಗ್ ರಿಜೆಕ್ಷನ್ ತಿಂಗಳಿಗೆ 22ರಿಂದ 12ಕ್ಕೆ, ಸೆಪ್ಟೆಂಬರ್ 30ರೊಳಗೆ, ಇನ್‌ಸ್ಪೆಕ್ಷನ್ ರಿಜಿಸ್ಟರಿನ 'ಕಾರಣ' ಕಾಲಂ ಪ್ರಕಾರ, ಜಿಗ್ ದುರಸ್ತಿ ಜೂನ್‌ನಲ್ಲಿ."

ಹಾಗಾದರೆ ಯಾರಿಗೆ ಯಾವುದು?

ಐವತ್ತರೊಳಗಿನ ವರ್ಕ್‌ಶಾಪು, ಪ್ರೆಸ್ಸು, ಪೇಡೆ ತಯಾರಿಕೆ, ಗೋದಾಮು: ಬೋರ್ಡು, ಅದರ ನಾಲ್ಕೇ ಸಾಲು, ಬೇರೇನೂ ಬೇಡ. ಹತ್ತು ಜನರ ಒಳಗಾದರೆ ಬೋರ್ಡಿಗೂ ವಾರಕ್ಕೆ ಎರಡು ದಿನ ಸಾಕು. ಹೊಸದನ್ನು ಕಟ್ಟುತ್ತಿರುವ ಸಣ್ಣ ತಂಡಕ್ಕೆ ಓಕೆಆರ್, ಒಂದೇ ಉದ್ದೇಶದಿಂದ ಶುರು ಮಾಡಿ. ಐದು ಉದ್ದೇಶ ಬರೆದ ತಂಡ ಯಾವುದನ್ನೂ ಆರಿಸಿಲ್ಲ. ಶಾಖೆಗಳಿರುವ ಸಂಘಕ್ಕೆ ಮಂಡಳಿಯ ಮಟ್ಟದಲ್ಲಿ ಹತ್ತು ಅಂಕಿಯ ಸ್ಕೋರ್‌ಕಾರ್ಡ್, ಶಾಖೆಯಲ್ಲಿ ಅದರ ಮೂರು ಅಂಕಿಗಳ ಬೋರ್ಡು. ಈ ಜೋಡಣೆ ಒಂಟಿ ಸ್ಕೋರ್‌ಕಾರ್ಡಿಗಿಂತ ಮೇಲು, ಏಕೆಂದರೆ ಮಂಡಳಿಗೆ ತಿಂಗಳ ಕೊನೆಗೆ ತಿಳಿಯುವುದು ಶಾಖೆಗೆ ಅವತ್ತೇ ತಿಳಿದಿರುತ್ತದೆ. ಧಾರವಾಡ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದಂಥ ಕಡೆ ಉತ್ಪಾದನೆಯೂ ವಿನ್ಯಾಸವೂ ಒಂದೇ ಸೂರಿನಡಿ ಇರುವ ಕಂಪನಿಗೆ ಎರಡು ಪದ್ಧತಿ ಬೇಕು, ಒಂದನ್ನೇ ಎಲ್ಲರ ಮೇಲೆ ಹೇರುವುದು ಬೇಡ. ವರ್ಷದ ಗುರಿಪಟ್ಟಿ ಈಗಾಗಲೇ ನಡೆಯುತ್ತಿದ್ದರೆ ಕಿತ್ತು ಹಾಕಲು ಹೋಗಬೇಡಿ, ಮೇಲಿನ ಎರಡು ತಿದ್ದುಪಡಿ ಮಾಡಿ ಪಗಾರದ ಕಾಗದವಾಗಿ ಉಳಿಸಿಕೊಳ್ಳಿ.

ಮೆಣಸಿನಕಾಯಿ ವಹಿವಾಟಿನವರದು ಬೇರೆಯೇ ಮಾತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿ ಮಾರಾಟವಾಗುವುದು ಬಣ್ಣಕ್ಕೆ. ಹಾಗಾಗಿ ತೊಟ್ಟು ಬಿಡಿಸುವವರಿಗೆ ದಿನಕ್ಕೆ ಇಷ್ಟು ಕೆಜಿ ಎಂಬ ಒಂಟಿ ಗುರಿ ಕೊಟ್ಟರೆ ಕಾಯಿ ಮುರಿಯುತ್ತದೆ, ಬೀಜ ಉದುರುತ್ತದೆ. ಕೆಜಿಯ ಜೊತೆ "ಚೀಲಕ್ಕೆ ಮುರಿದ ಕಾಯಿ ಎಷ್ಟು" ಎಂಬ ಜೋಡಿ ಇರಲಿ, ಐದು ಕೆಜಿ ನಮೂನೆ ಬಿಡಿಸಿ ತೂಗಿದರೆ ಹತ್ತು ನಿಮಿಷದ ಕೆಲಸ. ಒದ್ದೆ ಕಾಯಿ ಒಳಗೆ ಹೋದರೆ ಬೂಸಲು ಹಿಡಿದು ಬಣ್ಣವೂ ಹೋಗುವುದರಿಂದ, ಶೀತಲಗೃಹಕ್ಕೆ ಇಳಿಸುವ ತಂಡಕ್ಕೆ ಚೀಲದ ಎಣಿಕೆಗಿಂತ ತೇವ ನೋಡದೆ ಒಳಗೆ ಹೋದ ಚೀಲಗಳು ಸೊನ್ನೆ ಎಂಬ ಗುರಿ ಮೊದಲು ಬರಬೇಕು. ಏಪ್ರಿಲ್-ಜೂನ್, ಜುಲೈ-ಸೆಪ್ಟೆಂಬರ್ ಎಂಬ ಕಂಪನಿಯ ಲೆಕ್ಕದ ಕಾಲು ವರ್ಷ ಇಲ್ಲಿ ಕೆಲಸಕ್ಕೆ ಬಾರದು. ಆವಕ ಜನವರಿಯಿಂದ ಮಾರ್ಚ್‌ವರೆಗೆ ಜೋರು. ನವೆಂಬರ್‌ನಲ್ಲಿ ಹೋದ ಸುಗ್ಗಿಯ ಕಿರ್ದಿ ತೆರೆದು ಅಂಕಿ ಎತ್ತಿಕೊಳ್ಳಿ, ಡಿಸೆಂಬರ್‌ನಲ್ಲಿ ಬೋರ್ಡು ನಿಲ್ಲಿಸಿ ಎರಡು ವಾರ ಖಾಲಿ ಅಭ್ಯಾಸ ಮಾಡಿಸಿ. ಮೊದಲ ದೊಡ್ಡ ಪೇಟೆಯ ದಿನ ಹಮಾಲರಿಗೆ ಬೋರ್ಡು ಎಲ್ಲಿದೆ, ಯಾವ ಚೌಕ ಯಾರದು ಎಂದು ಹೇಳಿಕೊಡಲು ಯಾರಿಗೂ ಪುರಸೊತ್ತು ಇರುವುದಿಲ್ಲ.